ಉಡುವವರೂ ಉಣ್ಣುವವರೂ

ಬೋಗಾದಿಯ ವೃದ್ಧ ದಂಪತಿಗಳಿಬ್ಬರು ಕಾಮಾಖ್ಯಾ ದೇವಿಯ ದರ್ಶನಾರ್ಥವಾಗಿ ಗುವಾಹಟಿಗೆ ಹೋಗಿದ್ದರು. ದರ್ಶನವಾದ ಮೇಲೆ ಒಂದು ದಿನ ಮಿಕ್ಕಿದ್ದುದರಿಂದ ಬ್ರಹ್ಮಪುತ್ರದ ಉತ್ತರ ದಡದಲ್ಲಿರುವ ಸುವಾಲ್ಕುಚಿಯನ್ನು ನೋಡಿಬರೋಣವೆಂದು ಹೊರಟರು. ಅದು ನೇಕಾರರ ಊರು. ಬೆಳ್ಳನೆಯ ಪಾಟ್ ರೇಷ್ಮೆಯನ್ನೂ ಹೊನ್ನಿನ ಬಣ್ಣದ ಮೂಗಾ ರೇಷ್ಮೆಯನ್ನೂ ಅಲ್ಲಿ ಮನೆಮನೆಯಲ್ಲಿ ನೇಯುವರು. ಹಿಂದಿರುಗುವಾಗ ದಾರಿಯ ಸಂತೆಯೊಂದರಲ್ಲಿ ಹೆಂಗಸರು ಬಾಳೆಯೆಲೆಗಳ ಮೇಲೆ ಹಳದಿಗೆಂಪಾದ ಯಾವುದೋ ಪದಾರ್ಥವನ್ನು ಗುಡ್ಡೆಗುಡ್ಡೆಯಾಗಿ ಇಟ್ಟುಕೊಂಡು ಕುಳಿತಿದ್ದರು. ಖರ್ಜೂರವಿರಬಹುದೆಂದು ಆಕೆಯು ಬಗ್ಗಿ ನೋಡುವಷ್ಟರಲ್ಲಿ ಅದರಲ್ಲೊಂದು ಮಿಸುಕಿತು. ಎರಿ ರೇಷ್ಮೆಯ ಗೂಡಿನಿಂದ ಹೊರತೆಗೆದ ಹುಳು ಅದು. ಆ ಸೀಮೆಯ ಅನೇಕರಿಗೆ ರುಚಿಕರವಾದ ಆಹಾರ. ಆಕೆಯು ಥಟ್ಟನೆ ಹಿಂದೆ ಸರಿದು ಸೀರೆಯ ಸೆರಗಿನಿಂದ ಮೂಗನ್ನು ಮುಚ್ಚಿಕೊಂಡರು. ಮಾರುವವಳು ಕೋಪಿಸಿಕೊಳ್ಳಲಿಲ್ಲ. ಆ ಸೆರಗನ್ನು ನೋಡಿ ನಕ್ಕು ಏನನ್ನೋ ಕೇಳಿದಳು. ಗಾಡಿಯ ಚಾಲಕನು ಅದನ್ನು ಹಿಂದಿಯಲ್ಲಿ ತಿಳಿಸಿದನು: ನಿಮ್ಮೂರಿನಲ್ಲಿಯೂ ರೇಷ್ಮೆಯುಂಟಲ್ಲ, ಅಲ್ಲಿ ಹುಳುವನ್ನು ಏನು ಮಾಡುವರು?

ಸೆರಗು ಮೈಸೂರು ರೇಷ್ಮೆಯದು. ದೇವೀದರ್ಶನಕ್ಕೆಂದೇ ಪೆಟ್ಟಿಗೆಯಿಂದ ತೆಗೆದು ಉಟ್ಟಿದ್ದ ಸೀರೆ. ದಂಪತಿಗಳು, ಗೊತ್ತಿಲ್ಲವೆಂದು ಹೇಳಿ ಗಾಡಿಯನ್ನು ಹತ್ತಿದರು.

ಆ ಮಾತು ಸುಳ್ಳಲ್ಲ, ಆದರೆ ವಿಚಿತ್ರವಾದುದು. ಬೋಗಾದಿಯು ಮೈಸೂರಿನ ಪಶ್ಚಿಮಕ್ಕೆ ಮಾನಸಗಂಗೋತ್ರಿಯ ಮಗ್ಗುಲಲ್ಲಿಯೇ ಇರುವ ಊರು. ಹಿಂದೆ ಹಳ್ಳಿಯಾಗಿದ್ದುದು ಈಗ ಬಡಾವಣೆಗಳಿಂದ ತುಂಬಿ ನಗರದಲ್ಲಿ ಬೆರೆತುಹೋಗಿದೆ. ಮಾನಸಗಂಗೋತ್ರಿಯಲ್ಲಿ ರೇಷ್ಮೆಯನ್ನೇ ಒಂದು ಶಾಸ್ತ್ರವನ್ನಾಗಿ ಕಲಿಸಿದ್ದಾರೆ. ಮೂರು ನಾಲ್ಕು ಮೈಲಿಗಳಾಚೆ ಮಾನಂದವಾಡಿ ರಸ್ತೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1912ರಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯಿರುವುದು. ಕೇಂದ್ರ ರೇಷ್ಮೆ ಮಂಡಲಿಯ ಸಂಶೋಧನಾ ಸಂಸ್ಥೆಯೂ ಅದೇ ರಸ್ತೆಯಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಬಂಗಾಳದ ಕಡೆಯಿಂದ ಹುಳುವನ್ನು ತರಿಸಿದಂದಿನಿಂದ, ಜಮ್‌ಷೇಟ್‌ಜಿ ಟಾಟಾ ಅವರು ಜಪಾನೀಯರ ಕ್ರಮವನ್ನು ಬೆಂಗಳೂರಿಗೆ ತಂದುದನ್ನೂ ಸೇರಿಸಿ ಎಣಿಸಿದರೆ, ಈ ಸೀಮೆಯ ರೇಷ್ಮೆಗೆ ಎರಡು ಶತಮಾನಗಳಿಗೂ ಮೀರಿದ ಚರಿತ್ರೆಯುಂಟು. ಮಲ್ಬರಿ ರೇಷ್ಮೆಯಲ್ಲಿ ಭಾರತದ ಮೊದಲ ಸ್ಥಾನ ಕರ್ನಾಟಕದ್ದೇ. ಆದರೂ ಹುಳುವಿನ ಗತಿಯೇನೆಂಬುದು ಸೀರೆಯುಡುವ ಮನೆಗೆ ತಿಳಿಯದು.

ಇದಕ್ಕೆ ಒಂದು ಸಣ್ಣ ಕಾರಣವುಂಟು. ಮೈಸೂರಿಗೆ ಬರುವ ಪ್ರವಾಸಿಯು ಅರಮನೆ, ಚಾಮುಂಡಿಬೆಟ್ಟಗಳನ್ನು ನೋಡಿ ರೇಷ್ಮೆ ಕಾರ್ಖಾನೆಗೂ ಹೋಗುವನು. ಅಲ್ಲಿ ಅವನಿಗೆ ಕಾಣುವುದು ಮಗ್ಗಗಳ ಸದ್ದು, ಹಾಸು ಹೊಕ್ಕು, ಬಣ್ಣದ ತೊಟ್ಟಿ, ಜರಿಯ ಅಂಚು. ಕಡೆಗೆ ಮಾರಾಟದ ಮಳಿಗೆ. ಗೂಡಿನಿಂದ ನೂಲು ಬಿಚ್ಚುವ ಕೆಲಸವೋ ಇಪ್ಪತ್ತು ಮೈಲಿಗಳಾಚೆ ಟಿ. ನರಸೀಪುರದಲ್ಲಿ ನಡೆಯುವುದು. ಯಾರೂ ಬೇಕೆಂದು ಮರೆಮಾಡಿದುದಲ್ಲ. ಕೆಲಸದ ಅನುಕೂಲಕ್ಕಾಗಿ ಹಾಗಾಗಿದೆ. ಆದರೆ ಫಲ ಒಂದೇ. ಪ್ರವಾಸಿಗಳ ಗಾಡಿಗಳು ಟಿ. ನರಸೀಪುರಕ್ಕೆ ಹೋದರೆ ಸಂಗಮಸ್ನಾನಕ್ಕೆ ಹೋಗುವುವೇ ಹೊರತು ಗೂಡು ಬೇಯುವುದನ್ನು ನೋಡಲಲ್ಲ.

ನೋಡಬೇಕಾದರೆ ಮೊದಲಿನಿಂದ ನೋಡತಕ್ಕದ್ದು. ತಾಯಿ ಚಿಟ್ಟೆಯೊಂದು ನಾನೂರರಿಂದ ಐನೂರು ಮೊಟ್ಟೆಗಳನ್ನಿಡುವುದು. ಹತ್ತು ದಿನಗಳಲ್ಲಿ ಒಡೆದು ಬರುವ ಮರಿ ಇರುವೆಗಿಂತ ಸಣ್ಣದು. ರೈತನ ಮನೆಯ ಹೆಂಗಸರು ಎಳೆಯ ಹಿಪ್ಪುನೇರಳೆ ಸೊಪ್ಪನ್ನು ನವಿರಾಗಿ ಕೊಚ್ಚಿ ಅದಕ್ಕೆ ಉಣಿಸುವರು. ಹುಳು ನಾಲ್ಕು ಸಲ ಪೊರೆ ಬಿಡುವುದು. ಅದನ್ನು ಹಳ್ಳಿಯವರು ಜ್ವರವೆನ್ನುವರು. ಜ್ವರದಲ್ಲಿ ಮಲಗಿದ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದರ ಹಸಿವಿಗೆ ಮಿತಿಯೇ ಇಲ್ಲ. ಒಟ್ಟು ಆಹಾರದ ಐದರಲ್ಲಿ ನಾಲ್ಕು ಪಾಲನ್ನು ಆ ಕಡೆಯ ಒಂದು ವಾರದಲ್ಲಿಯೇ ತಿಂದುಬಿಡುವುದು. ಆಗ ಮನೆಯವರಿಗೆ ನಿದ್ರೆಯಿಲ್ಲ. ಹುಳುವಿನ ಮನೆಯೊಳಗೆ ಕಾಲು ತೊಳೆಯದೆ ಯಾರೂ ಹೋಗಬಾರದು. ಹೊಗೆಸೊಪ್ಪಿನ ವಾಸನೆ ಸುಳಿಯಬಾರದು. ಇರುವೆ, ಹಲ್ಲಿ, ಊಜಿ ನೊಣ ಒಳಗೆ ಬರಬಾರದು. ಮಡಿಯೆಂಬುದನ್ನು ಪೂಜೆಯ ಮನೆಗಿಂತ ಕಟ್ಟುನಿಟ್ಟಾಗಿ ಆಚರಿಸುವ ಸ್ಥಳವೊಂದಿದ್ದರೆ ಅದು ಇದೇ. ಇಪ್ಪತ್ತೈದು ದಿನಗಳ ಮೇಲೆ ಹುಳು ಹಣ್ಣಾಯಿತೆಂದು ಎತ್ತಿ ಬಿದಿರಿನ ಚಂದ್ರಿಕೆಗಳ ಮೇಲೆ ಬಿಡುವರು. ಅದು ತಲೆಯನ್ನು ಅತ್ತಿತ್ತ ಆಡಿಸುತ್ತ, ಎರಡು ಮೂರು ದಿನಗಳಲ್ಲಿ, ಒಮ್ಮೆಯೂ ಕಡಿಯದ ಒಂದೇ ಎಳೆಯಿಂದ ತನ್ನ ಸುತ್ತ ಗೂಡು ಕಟ್ಟಿಕೊಳ್ಳುವುದು. ಉತ್ತಮವಾದ ದ್ವಿತಳಿ ಗೂಡಿನಲ್ಲಿ ಆ ಎಳೆ ಸುಮಾರು ಸಾವಿರ ಮೀಟರುಗಳಷ್ಟು ಉದ್ದವಿರುವುದು.

ಒಳಗಿನ ಹುಳು ಕೋಶಾವಸ್ಥೆಯನ್ನು ಹೊಂದಿ, ಸುಮಾರು ಹತ್ತು ದಿನಗಳಲ್ಲಿ ಚಿಟ್ಟೆಯಾಗಿ, ಬಾಯಿಯ ರಸದಿಂದ ಗೂಡನ್ನು ಮೆತ್ತಗೆ ಮಾಡಿ ಹೊರಬರಬೇಕು. ಹೊರಬಂದರೆ ಗೂಡಿನಲ್ಲಿ ರಂಧ್ರವಾಗಿ ಎಳೆ ತುಂಡಾಗುವುದು. ಬಿಚ್ಚುವುದಕ್ಕೆ ಅಂತಹ ಗೂಡು ಒದಗದು. ಆದುದರಿಂದ ಅದಕ್ಕೆ ಮೊದಲೇ ಗೂಡುಗಳನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ ಒಳಗಿನ ಜೀವವನ್ನು ಕೊಲ್ಲುವರು. ಬಳಿಕ ಕುದಿನೀರಿನಲ್ಲಿ ಬೇಯಿಸಿ ಎಳೆಯ ತುದಿಯನ್ನು ಹಿಡಿದು ಬಿಚ್ಚುವರು. ನೂಲು ಮುಗಿದಾಗ ತೊಟ್ಟಿಯಲ್ಲಿ ಉಳಿಯುವುದು ಬೆಂದ ಹುಳು. ರಾಮನಗರ, ಶಿಡ್ಲಘಟ್ಟಗಳ ನೂಲು ಬಿಚ್ಚುವ ಕೇರಿಗಳಲ್ಲಿ ನಡೆದವರಿಗೆ ಅದರ ವಾಸನೆ ಪರಿಚಿತವೇ. ಒಣಗಿಸಿದ ಹುಳುವನ್ನು ಎಣ್ಣೆ ತೆಗೆಯಲೂ ಕೋಳಿಗೆ, ಮೀನಿಗೆ ಹಾಕಲೂ ಮಾರುವರು.

ಹೀಗಿರಲು ಸಂತೆಯ ಹೆಂಗಸಿನ ಪ್ರಶ್ನೆಗೆ ಉತ್ತರವಿಷ್ಟೇ: ಕನ್ನಡನಾಡಿನಲ್ಲಿಯೂ ಹುಳುವನ್ನು ಬೇಯಿಸುವರು, ಮನುಷ್ಯರು ತಿನ್ನುವುದು ಮಾತ್ರವಿಲ್ಲ.

ಈಗ ವಿಚಾರಿಸಬೇಕಾದ ವಿಷಯ ಬರುತ್ತದೆ. ಹುಳುವನ್ನು ಉಣ್ಣುವವಳನ್ನು ಕಂಡು ನೂಲನ್ನು ಉಡುವವಳು ಮೂಗು ಮುಚ್ಚಿಕೊಂಡಳಲ್ಲವೇ? ಆ ಸಂಕೋಚವು ದಯೆಯೋ, ಜುಗುಪ್ಸೆಯೋ? ದಯೆಯಾದರೆ ಅದು ಹುಳುವಿನ ಕಡೆಗಿರಬೇಕು. ಹುಳು ಸಾಯುವ ಎಡೆಗಳಲ್ಲೆಲ್ಲ ಹುಟ್ಟಬೇಕು. ಪೆಟ್ಟಿಗೆಯ ಸೀರೆಯನ್ನು ಮುಟ್ಟುವಾಗಲೂ ಹುಟ್ಟಬೇಕು. ಅಲ್ಲಿ ಹುಟ್ಟದೆ ಬಾಳೆಯೆಲೆಯ ಮುಂದೆ ಮಾತ್ರ ಹುಟ್ಟಿದರೆ ಅದು ಜುಗುಪ್ಸೆಯೇ. ಆಲಂಕಾರಿಕರು ಜುಗುಪ್ಸೆಯನ್ನು ಬೀಭತ್ಸಕ್ಕೆ ಸ್ಥಾಯಿಯಾಗಿ ಹೇಳಿದರೇ ಹೊರತು ಅದನ್ನು ಧರ್ಮವೆಂದು ಯಾರೂ ಹೇಳಲಿಲ್ಲ. ಆದರೆ ಸಸ್ಯಾಹಾರಿಗಳ ಮನೆಯಲ್ಲಿ ಈ ಎರಡೂ ಒಂದೇ ವೇಷದಲ್ಲಿ ಓಡಾಡುತ್ತಿರುವುದರಿಂದ, ಅಸಹ್ಯಪಟ್ಟವನು ತಾನು ಅಹಿಂಸೆಯನ್ನು ಆಚರಿಸಿದೆನೆಂದು ಭ್ರಮಿಸುವುದು ಸುಲಭ.

ಶಾಸ್ತ್ರವು ಏನೆನ್ನುತ್ತದೆ? ಮನುವು ಐದನೆಯ ಅಧ್ಯಾಯದಲ್ಲಿ ಮಾಂಸದ ಪ್ರಸಂಗ ಬಂದಾಗ, ಕೊಲ್ಲುವ ಕೈಯೊಂದನ್ನೇ ದೂಷಿಸದೆ, ಸಮ್ಮತಿಸಿದವನಿಂದ ಹಿಡಿದು ಕೊಳ್ಳುವವನು, ಮಾರುವವನು, ಬಡಿಸುವವನವರೆಗೆ ಎಲ್ಲರನ್ನೂ ಘಾತುಕರಲ್ಲಿಯೇ ಎಣಿಸಿದ್ದಾನೆ. ಆ ಪಟ್ಟಿಯಲ್ಲಿ ತಿನ್ನುವವನಿದ್ದಾನೆ, ಉಡುವವನಿಲ್ಲವೆಂದು ವಾದಿಸುವ ಚತುರರಿರಬಹುದು. ಇರಲಿ, ಕೊಳ್ಳುವವನಿದ್ದಾನಷ್ಟೆ. ರೇಷ್ಮೆಯನ್ನು ಕೊಳ್ಳದೆ ಉಡುವವರು ಎಷ್ಟು ಮಂದಿ? ಹನ್ನೊಂದನೆಯ ಅಧ್ಯಾಯದಲ್ಲಿ ಕ್ರಿಮಿಕೀಟಗಳ ವಧೆಯು ಮಲಾವಹವೆಂಬ ಪಾಪಗಳ ಸಾಲಿನಲ್ಲಿ ಸೇರಿದೆ. ಮಲಾವಹವೆಂದರೆ ಅಶುದ್ಧಿಯನ್ನು ತರುವುದು. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ಕೌಶೇಯವಸ್ತ್ರವನ್ನು ಚೌಳುಮಣ್ಣಿನಿಂದ ಶುದ್ಧಿಮಾಡಬೇಕೆಂಬ ವಿಧಿಯಿದೆ. ಹನ್ನೆರಡನೆಯದರಲ್ಲಿ ಕೌಶೇಯವನ್ನು ಕದ್ದವನು ತಿತ್ತಿರಿ ಪಕ್ಷಿಯಾಗಿ ಹುಟ್ಟುವನೆಂದಿದೆ. ಕದ್ದವನ ಗತಿಯನ್ನು ಇಷ್ಟು ನಿಷ್ಕೃಷ್ಟವಾಗಿ ಬಲ್ಲ ಗ್ರಂಥವು ನೂಲು ಕೊಟ್ಟ ಕೀಟದ ವಿಷಯದಲ್ಲಿ ಮೌನವಾಗಿರುವುದು ಗಮನಾರ್ಹ. ಪ್ರಾಚೀನರ ಕೌಶೇಯವು ಚಿಟ್ಟೆ ಹಾರಿಹೋದ ಮೇಲೆ ಕಾಡಿನಲ್ಲಿ ಆಯ್ದ ಗೂಡುಗಳಿಂದಾದುದೆಂದು ಸಮಾಧಾನ ಹೇಳುವವರುಂಟು. ಹಾಗಿದ್ದರೂ ಇರಬಹುದು. ಆದರೆ ಇಂದು ಮಗುಟವನ್ನುಟ್ಟು ಸಂಧ್ಯಾವಂದನೆಗೆ ಕುಳಿತವನ ನೂಲು ಅಂತಹುದಲ್ಲ. ಅಶುದ್ಧಿಕರವೆಂದು ಹೇಳಿದ ಕರ್ಮದಿಂದಲೇ ಹುಟ್ಟಿದ ಬಟ್ಟೆಯು ಮಡಿಗಳಲ್ಲೆಲ್ಲ ಶ್ರೇಷ್ಠವೆನಿಸಿಕೊಂಡು ಕುಳಿತಿದೆ.

ಶ್ರುತಿಸ್ಮೃತಿಗಳನ್ನು ಬಿಟ್ಟು ಕಾವ್ಯಾದಿಗಳಿಗೆ ಬಂದರೆ, ಈ ಹುಳು ಅಲ್ಲಿ ಬೇಕಾದಷ್ಟು ಸಲ ಕಾಣಿಸಿಕೊಂಡಿದೆ. ಮಹಾಭಾರತದ ಮೋಕ್ಷಧರ್ಮದಲ್ಲಿ ಅದು ಮೋಹದಿಂದ ತನ್ನನ್ನೇ ಬಿಗಿದುಕೊಳ್ಳುವ ಜೀವನಿಗೆ ಉಪಮಾನ. ಅಕ್ಕಮಹಾದೇವಿಯೂ ತೆರಣಿಯ ಹುಳುವನ್ನು ಇದೇ ಅರ್ಥದಲ್ಲಿ ನೆನೆದಿದ್ದಾಳೆ. ದೃಷ್ಟಾಂತವು ರಮಣೀಯವೇನೋ ಹೌದು; ಹುಳುವಿನ ಪಕ್ಷದಿಂದ ಮಾತ್ರ ಅನ್ಯಾಯದ್ದು. ಗೂಡು ಅದಕ್ಕೆ ಬಂಧನವಲ್ಲ, ರೆಕ್ಕೆ ಮೂಡುವವರೆಗಿನ ಆಶ್ರಯ. ಬಂಧನವಾದುದು ಹೊರಗಿನ ಹಬೆಯಿಂದ.

ಕೀಟಕ್ಕೆ ನೋವೆಂಬುದುಂಟೇ ಎಂದು ಕೆಲವರು ಕೇಳುವರು. ಈ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ಐಕಮತ್ಯವಿಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ ಆದ ಶಾಸನವೊಂದು ಏಡಿ, ಸಿಗಡಿ, ಅಷ್ಟಪದಿಗಳನ್ನು ಸುಖದುಃಖಗಳನ್ನರಿಯುವ ಪ್ರಾಣಿಗಳಲ್ಲಿ ಸೇರಿಸಿ ಕೀಟಗಳನ್ನು ಹೊರಗೆ ಬಿಟ್ಟಿತು. ಭಾರತದ 1960ರ ಪ್ರಾಣಿಹಿಂಸಾ ನಿವಾರಣ ಶಾಸನವಾದರೋ ಮನುಷ್ಯನನ್ನುಳಿದ ಯಾವ ಜೀವಿಯಾದರೂ ಪ್ರಾಣಿಯೇ ಎಂದು ಅರ್ಥವಿವರಣೆ ಕೊಟ್ಟು, ಆಹಾರಕ್ಕಾಗಿ ಮಾಡುವ ವಧೆಗೆ ಹೊರತುಪಾಡನ್ನು ಕಲ್ಪಿಸಿದೆ. ಆ ಹೊರತುಪಾಡಿನಲ್ಲಿ ಆಹಾರದ ಹೆಸರಿದೆ, ಉಡುಪಿನ ಹೆಸರಿಲ್ಲ. ನ್ಯಾಯವಾದಿಗಳಿಗೆ ಇದು ಸಣ್ಣ ಮಾತಿರಬಹುದು. ಬಾಳೆಯೆಲೆಯ ಮುಂದೆ ಮೂಗು ಮುಚ್ಚಿಕೊಂಡವರಿಗೆ ಸಣ್ಣದಲ್ಲ. ನೋವು ಸಂದಿಗ್ಧವಾಗಿರುವಾಗ ಬಲ್ಲವನು ಯಾವ ಕಡೆಗೆ ವಾಲಬೇಕು? ಇದನ್ನು ಜೈನರಷ್ಟು ಸೂಕ್ಷ್ಮವಾಗಿ ಆಲೋಚಿಸಿದವರಿಲ್ಲ. ಗೃಹಸ್ಥನಿಂದ ಹಿಂಸೆ ತಪ್ಪದೆಂಬುದನ್ನು ಅವರು ಬಲ್ಲರು. ಅಡುಗೆ, ಉಳುಮೆಗಳಲ್ಲಿ ಆಗಿಹೋಗುವುದನ್ನು ಒಂದು ಬಗೆಯೆಂದೂ, ಕೊಲ್ಲುವೆನೆಂದು ಸಂಕಲ್ಪಿಸಿ ಕೊಲ್ಲುವುದನ್ನು ಬೇರೊಂದು ಬಗೆಯೆಂದೂ ವಿಂಗಡಿಸಿದರು. ಒಲೆ, ಒರಳು, ಪೊರಕೆಗಳಲ್ಲಿ ಸಾಯುವ ಜೀವಗಳಿಗಾಗಿ ಪಂಚಯಜ್ಞಗಳನ್ನು ವಿಧಿಸಿದ ವೈದಿಕರ ಬುದ್ಧಿಯೂ ಇದೇ ದಾರಿಯದು. ಪೊರಕೆಗೆ ಸಿಕ್ಕಿದ ಇರುವೆಯನ್ನೂ ಹಬೆಯ ಕೋಣೆಗೆ ತೂಕಮಾಡಿ ಹಾಕಿದ ಗೂಡನ್ನೂ ಒಂದೇ ತಕ್ಕಡಿಯಲ್ಲಿಡಲಾಗದು.

ಲೆಕ್ಕವನ್ನೂ ನೋಡಬಹುದು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು. ಕಿಲೋ ಒಂದಕ್ಕೆ ಸುಮಾರು ಆರುನೂರು ಗೂಡುಗಳೆಂದಿಟ್ಟುಕೊಂಡರೆ ಜೀವಗಳು ನಾಲ್ಕು ಸಾವಿರದಷ್ಟಾಯಿತು. ನೂಲೇ ಅರ್ಧ ಕಿಲೋ ಹಿಡಿಯುವ ಸೀರೆಗೆ, ಅಂಟು ತೆಗೆಯುವಾಗ ಆಗುವ ನಷ್ಟವನ್ನು ಬಿಟ್ಟರೂ, ಎರಡು ಸಾವಿರ. ಐವತ್ತು ಸಾವಿರವೆಂದು ಹೇಳಿ ಹೆದರಿಸುವವರುಂಟು; ಸತ್ಯಕ್ಕೆ ಅಷ್ಟು ಅಲಂಕಾರ ಬೇಕಿಲ್ಲ.

ಚಿಟ್ಟೆಯನ್ನು ಹಾರಲು ಬಿಟ್ಟು ನೂಲನ್ನು ತೆಗೆಯಬಾರದೇಕೆಂಬ ಪ್ರಶ್ನೆ ಸಹಜ. ಕಂಚಿಯ ಪರಮಾಚಾರ್ಯರು ರೇಷ್ಮೆಯನ್ನು ತ್ಯಜಿಸಬೇಕೆಂದು ಹೇಳುತ್ತಿದ್ದರು. ರಾಷ್ಟ್ರಪತಿ ವೆಂಕಟರಾಮನ್ ಅವರ ಪತ್ನಿ ಜಾನಕಿಯವರು ಹುಳುವನ್ನು ಕೊಲ್ಲದ ರೇಷ್ಮೆ ದೊರೆಯುವುದೇ ಎಂದು ವಿಚಾರಿಸಿದ ಮೇಲೆ, ಹೈದರಾಬಾದಿನ ಕುಸುಮ ರಾಜಯ್ಯನವರು ಚಿಟ್ಟೆ ಹೊರಬಂದ ಗೂಡಿನಿಂದ ನೂತು ನೇಯುವ ಕ್ರಮವನ್ನು ರೂಢಿಗೆ ತಂದರು. ಅದಕ್ಕೆ ಅಹಿಂಸಾ ರೇಷ್ಮೆಯೆಂದು ಹೆಸರು. ಹೊಳಪು ಸ್ವಲ್ಪ ಕಡಿಮೆ, ಬೆಲೆ ಹೆಚ್ಚು. ಉದ್ದೇಶವು ಶ್ಲಾಘ್ಯವೇ ಆದರೂ ತೊಡಕು ಮುಗಿಯಲಿಲ್ಲ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಈ ಚಿಟ್ಟೆಗೆ ಹಾರಲು ಬಾರದು, ತಿನ್ನಲು ಬಾರದು. ಹೊರಬಂದು, ಕೂಡಿ, ಮೊಟ್ಟೆಯಿಟ್ಟು, ಕೆಲವು ದಿನಗಳಲ್ಲಿ ಸಾಯುವುದು. ಹುಟ್ಟುವ ಮರಿಗಳಿಗೆಲ್ಲ ಸೊಪ್ಪನ್ನು ಒದಗಿಸುವವರು ಯಾರು? ಮರುಬೆಳೆಗೆ ಬೇಕಾದ ಮೊಟ್ಟೆಗಳ ವಿಷಯದಲ್ಲಿಯೂ ಅಷ್ಟೆ. ಗಂಟುರೋಗವು ತಾಯಿಯಿಂದ ಮೊಟ್ಟೆಗೆ ಬರುವುದೆಂಬುದನ್ನು 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿದಂದಿನಿಂದ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದೇ ಬಿತ್ತನೆ ಕೋಠಿಗಳ ಪದ್ಧತಿ. ಎರಿ ಗೂಡಿನ ಕಥೆ ಇನ್ನೂ ವಿನೋದದ್ದು. ಆ ಗೂಡಿನ ಬಾಯಿ ತೆರೆದಿರುವುದರಿಂದ ಚಿಟ್ಟೆಯು ನೂಲಿಗೆ ಹಾನಿಯಿಲ್ಲದೆ ಹೊರಬರಬಹುದೆಂದು ಅಂಗಡಿಗಳಲ್ಲಿ ಅದನ್ನು ಅಹಿಂಸೆಯ ಹೆಸರಿನಲ್ಲಿ ಮಾರುವರು. ಬೋಗಾದಿಯ ದಂಪತಿಗಳು ಕಂಡ ಸಂತೆಯಲ್ಲಿ ಹುಳು ಗೂಡಿನಿಂದ ಹೊರಬಂದುದೇನೋ ನಿಜ, ಬಾಳೆಯೆಲೆಯ ಮೇಲಕ್ಕೆ.

ಆ ಹೆಂಗಸಿನ ಪಕ್ಷವನ್ನು ಕೊಂಚ ಹಿಡಿಯತಕ್ಕದ್ದು. ಅವಳು ಗೂಡಿನಿಂದ ನೂಲನ್ನೂ ತೆಗೆದಳು, ಹುಳುವಿನಿಂದ ಮಕ್ಕಳ ಊಟವನ್ನೂ ತೆಗೆದಳು. ಒಂದು ಸಾವಿಗೆ ಎರಡು ಪ್ರಯೋಜನ. ಇದರಲ್ಲಿ ಹೆಚ್ಚು ಹಿಂಸೆ ಯಾವುದೆಂದು ತೋರಿಸುವುದು ಕಷ್ಟ. ಅವಳು ತಿನ್ನದೆ ಬಿಟ್ಟಿದ್ದರೆ ಹುಳು ಬದುಕುತ್ತಿತ್ತೆಂದು ಹೇಳಬಹುದು. ಮೈಸೂರು ರೇಷ್ಮೆಯ ಹುಳುವಿಗೆ ಆ ಸಾಧ್ಯತೆಯೂ ಇಲ್ಲ. ಕೀಟಭಕ್ಷಣೆಯು ದೂರದ ಸೀಮೆಯವರಿಗೇ ಮೀಸಲಾದುದೂ ಅಲ್ಲ. ಮಲೆನಾಡಿನಲ್ಲಿ ಕೆಂಪಿರುವೆಯ ಚಗಳಿ ಚಟ್ನಿಯುಂಟು. ಬಯಲುಸೀಮೆಯ ಹಳ್ಳಿಗಳಲ್ಲಿ ಮುಂಗಾರಿನ ಮೊದಲ ಮಳೆಗೆ ಏಳುವ ಗೆದ್ದಲಿನ ರೆಕ್ಕೆಹುಳುಗಳನ್ನು ಹಿಡಿದು ಹುರಿದು ತಿನ್ನುವ ವಾಡಿಕೆಯುಂಟು. ಒಡಿಶಾದ ಮಯೂರ್‌ಭಂಜಿನ ಕೆಂಪಿರುವೆಯ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮೈಸೂರು ರೇಷ್ಮೆಗೆ ಇರುವುದೂ ಅದೇ ಮನ್ನಣೆ. ಸರ್ಕಾರದ ದಫ್ತರದಲ್ಲಿ ಉಡುವವರೂ ಉಣ್ಣುವವರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ.

ತಿನ್ನುವುದಕ್ಕೆಂದೇ ಕೀಟವನ್ನು ಸಾಕುವುದು ಮಾತ್ರ ಬೇರೆ ವಿಷಯ. ಥಾಯ್ಲೆಂಡಿಗೆ ಹೋಗುವ ಪ್ರವಾಸಿಗ ಅದನ್ನು ನೋಡಬಹುದು. ಸಿಮೆಂಟಿನ ತೊಟ್ಟಿಗಳಲ್ಲಿ ಮೊಟ್ಟೆಯ ರಟ್ಟುಗಳನ್ನು ಜೋಡಿಸಿ ಚಿಮ್ಮಂಡೆ ಹುಳುಗಳನ್ನು ಬೆಳೆಸುವರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಗ್ರಂಥವು, ಅಂತಹ ಸಾಕಣೆಯ ಮನೆಗಳು ಆ ದೇಶದಲ್ಲಿ ಸುಮಾರು 20,000 ಇವೆಯೆಂದೂ, ಲೋಕದಲ್ಲಿ 200 ಕೋಟಿ ಜನರ ಊಟದಲ್ಲಿ ಕೀಟವು ಸೇರಿದೆಯೆಂದೂ, ಅಷ್ಟೇ ಸಸಾರಜನಕವನ್ನು ಪಡೆಯಲು ದನಕ್ಕೆ ಬೇಕಾಗುವ ಮೇವಿನ ಆರರಲ್ಲೊಂದು ಪಾಲು ಚಿಮ್ಮಂಡೆಗೆ ಸಾಕೆಂದೂ ಹೇಳಿತು. 2024ರಲ್ಲಿ ಸಿಂಗಪುರವು ಹದಿನಾರು ಬಗೆಯ ಕೀಟಗಳನ್ನು ಆಹಾರವೆಂದು ಒಪ್ಪಿತು. ಅವುಗಳಲ್ಲಿ ರೇಷ್ಮೆಹುಳುವೂ ಒಂದು. ಮಾಂಸವನ್ನು ತಿನ್ನುವ ಸಮಾಜಕ್ಕೆ ಈ ವಾದ ಬಲವಾದುದೇ. ಆದರೆ ಒಂದು ಹಸುವಿನ ಸ್ಥಾನದಲ್ಲಿ ಎಷ್ಟು ಲಕ್ಷ ಕೀಟಗಳು ನಿಲ್ಲುವುವು? ಜೀವವನ್ನು ತೂಕದಿಂದ ಎಣಿಸುವವನಿಗೂ ತಲೆಯಿಂದ ಎಣಿಸುವವನಿಗೂ ಇಲ್ಲಿ ಒಪ್ಪಂದವಾಗದು. ಬೇಳೆಯನ್ನು ತಿಂದು ತೃಪ್ತನಾಗಬಲ್ಲವನಿಗೆ ಈ ಲೆಕ್ಕವೇ ಅನಾವಶ್ಯಕ. ಬೇಳೆಯಂತೆಯೇ ಹತ್ತಿಯೂ ಉಂಟೆಂಬುದನ್ನು ಅವನು ಮರೆಯಬಾರದಷ್ಟೆ.

ಹತ್ತಿಯೆಂದೊಡನೆ ರೈತನ ಮಾತು ಏಳುವುದು. ಒಂದೆರಡು ಎಕರೆ ಹಿಪ್ಪುನೇರಳೆಯಿಂದ ವರ್ಷಕ್ಕೆ ಐದಾರು ಬೆಳೆ ತೆಗೆದು ಸಂಸಾರ ನಡೆಸುವ ಒಕ್ಕಲುಗಳು ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಮಂಡ್ಯಗಳಲ್ಲಿ ಅಸಂಖ್ಯ. ಬೋಗಾದಿಯ ಪಿಂಚಣಿದಾರನು ಹುಳುವಿನ ಮೇಲಿನ ದಯೆಯಿಂದ ಸೀರೆಯನ್ನು ಬಿಟ್ಟರೆ ಅವನ ಊಟಕ್ಕೆ ಕೊರತೆಯಿಲ್ಲ, ಕೊರತೆ ಅವರಿಗೆ. ಇನ್ನು ಬಿಸಿನೀರಿನ ತೊಟ್ಟಿಯಲ್ಲಿ ದಿನವೆಲ್ಲ ಬೆರಳಾಡಿಸುವ ಕೈಗಳು! ಅವು ಬೆಂದು ಬಿಳುಪೇರಿ ಒಡೆದಿರುವುದನ್ನು ನೋಡಿದವರು ಹುಳುವಿನ ವಿಷಯವನ್ನು ಎತ್ತುವುದಕ್ಕೇ ಸಂಕೋಚಪಡಬೇಕು. ಹಿಂದೆ ಆ ಕೈಗಳಲ್ಲಿ ಮಕ್ಕಳ ಕೈಗಳೂ ಇದ್ದುವು. ಸಾಲಕ್ಕೆ ಒತ್ತೆಯಾಗಿ ರೇಷ್ಮೆಯ ಕೆಲಸಕ್ಕೆ ಬಿಟ್ಟ ಮಕ್ಕಳನ್ನು ಕುರಿತು ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಊರುಗಳೂ ಬಂದಿವೆ. ಅಹಿಂಸೆಯನ್ನು ಹುಳುವಿನಿಂದ ಆರಂಭಿಸಿ ಮನುಷ್ಯನವರೆಗೆ ಬಾರದೆ ನಿಲ್ಲಿಸುವುದು ಸಾಧುವಲ್ಲ. ಮನುಷ್ಯನ ಹೆಸರು ಹೇಳಿ ಹುಳುವನ್ನು ಮರೆಸುವುದೂ ಅಷ್ಟೇ ಅಸಾಧು. ಏಕೆಂದರೆ ಸೀರೆಯನ್ನು ಕೊಳ್ಳುವಾಗ ಯಾರೂ ಬಿಚ್ಚುವವಳ ಬೆರಳಿಗೆ ಮುಲಾಮು ಕೊಳ್ಳಲೆಂದು ಹೆಚ್ಚು ಬೆಲೆಯನ್ನು ತೆತ್ತದ್ದಿಲ್ಲ.

ಊರಿಗೆ ಹಿಂದಿರುಗಿದ ದಂಪತಿಗಳು ಒಂದು ದಿನ ಟಿ. ನರಸೀಪುರದ ಬಸ್ಸನ್ನು ಹತ್ತಿದರು. ನೋಡಿಬಂದ ಮೇಲೆ ಯಜಮಾನರು ಪೂಜೆಗೆ ಮಗುಟವನ್ನು ಬಿಟ್ಟು, ಯಾರೂ ಮುಟ್ಟದಂತೆ ಗಳುವಿನ ಮೇಲೆ ಒಣಗಿದ ಹತ್ತಿಯ ಪಂಚೆಯನ್ನುಡುತ್ತಿದ್ದಾರೆ. ಅದು ಮಡಿಯಲ್ಲವೆಂದು ಪುರೋಹಿತರು ಹೇಳಲಿಲ್ಲ. ಅಷ್ಟು ಸುಲಭವಾಗಿ ಮುಗಿಯದ ಕೆಲಸ ಆಕೆಯದು. ಬರುವ ಮಾಘದಲ್ಲಿ ಮೊಮ್ಮಗಳ ಮದುವೆ. ಧಾರೆಗೆ ತನ್ನ ಅತ್ತೆಯವರ ಕಾಲದ ಸೀರೆಯನ್ನೇ ಉಡಿಸುವುದೆಂದು ಆಕೆ ಗೊತ್ತುಮಾಡಿದ್ದಾರೆ. ಅದರ ಹುಳುಗಳು ಸತ್ತು ಐವತ್ತು ವರ್ಷಗಳಾದುವು, ಹೊಸದಾಗಿ ಸಾಯತಕ್ಕವು ಯಾವುವೂ ಇಲ್ಲ. ಬೀಗರಿಗೆ ಕೊಡತಕ್ಕ ಸೀರೆಗಳ ಪಟ್ಟಿಯೊಂದು ಮಾತ್ರ ಇನ್ನೂ ಬರೆದಾಗಿಲ್ಲ.